ಪಹಣಿಯಲ್ಲಿಲ್ಲದ ರೈತ: ಬೇಸಾಯಕ್ಕಿಳಿಯುವ ತರುಣರಿಗೆ ಹಣದ ನೆರವು ಮತ್ತು ಗುಜರಾತಿನ ಅನುಭವ



ಕೃಷಿ ಸಾಲವೆಂದರೆ ನಮ್ಮಲ್ಲಿ ಮಾತು ಕೂಡಲೇ ಬಡ್ಡಿಯ ಕಡೆಗೆ ಹೊರಳುತ್ತದೆ. 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂತು. 2006-07ರಿಂದ ಕೇಂದ್ರದ ಬಡ್ಡಿ ಸಹಾಯಧನ ಆರಂಭವಾಯಿತು. 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಶೇ. 7 ಬಡ್ಡಿ, ವಾಯಿದೆ ತಪ್ಪದೆ ಕಟ್ಟಿದವರಿಗೆ ಶೇ. 4. ಆ ನಾಲ್ಕನ್ನೂ ಗುಜರಾತ್ ಸರ್ಕಾರ ತಾನೇ ಭರಿಸುತ್ತದೆ. ಕರ್ನಾಟಕದ 2023-24ರ ಬಜೆಟ್ಟು ಸಹಕಾರ ಸಂಘಗಳ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಸೊನ್ನೆಗೆ ಮುಟ್ಟಿದ ಬಡ್ಡಿಯನ್ನು ಇನ್ನು ಇಳಿಸುವುದಕ್ಕೆ ಜಾಗವಿಲ್ಲ. ಆದರೂ ಇಪ್ಪತ್ತೈದರ ಹರೆಯದ ಹುಡುಗನೋ ಹುಡುಗಿಯೋ ಸ್ವಂತ ಬೇಸಾಯ ಹೂಡುತ್ತೇನೆಂದು ಸೊಸೈಟಿಯ ಬಾಗಿಲಿಗೆ ಬಂದರೆ, ಬರಿಗೈಲಿ ಹಿಂತಿರುಗುವ ಸಂಭವವೇ ಹೆಚ್ಚು. ಬಡ್ಡಿಯೇ ಇಲ್ಲದ ಸಾಲವೂ ಅವರಿಗೆ ದಕ್ಕದಿರುವುದೇಕೆ ಎಂಬುದು ಇಂದಿನ ನನ್ನ ವಿಷಯ.

ಇದನ್ನು ಪರಿಶೀಲಿಸಲು ನಾನು ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್ ಸೀಮೆಗಳನ್ನು ಆರಿಸಿಕೊಂಡಿದ್ದೇನೆ. ಅಲ್ಲಿಯಷ್ಟು ಗಟ್ಟಿಯಾದ ಸಹಕಾರ ಪರಂಪರೆ ದೇಶದಲ್ಲಿ ವಿರಳ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮಗೇ ಸಂಬಂಧಪಟ್ಟದ್ದು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳು 1956ರವರೆಗೆ ಅಹಮದಾಬಾದ್, ಸೂರತ್‌ಗಳ ಜೊತೆಗೆ ಒಂದೇ ಮುಂಬೈ ಆಡಳಿತಕ್ಕೆ ಒಳಪಟ್ಟಿದ್ದವು. ಕಂದಾಯದ ಕಾಗದ, ತಗಾವಿ ಸಾಲ, ಗೇಣಿಯ ಕಾನೂನು, ಸಹಕಾರದ ಕಾಯಿದೆ ಎಲ್ಲವೂ ಸಮಾನ. ಗುಜರಾತಿನ ಖೇಡೂತ, ಅಂದರೆ ರೈತ, ಇವತ್ತಿಗೂ ‘ಸಾತ್-ಬಾರ್’ ಎಂದು ಕರೆಯುವ ಏಳು-ಹನ್ನೆರಡರ ನಮೂನೆ ನಮ್ಮ ಬೆಳಗಾವಿ ಕಡೆಯ ಉತಾರವೇ. ಹಳೇ ಮೈಸೂರಿನವರಿಗೆ ಅದು ಪಹಣಿ. ಅದರ ಜೊತೆಗೆ ಅಲ್ಲಿ ‘8-ಅ’ ಎಂಬ ಖಾತೆಯ ಪ್ರತಿ ಬೇಕು. ಆ ಖಾತೆಯಲ್ಲಿ ಹೆಸರಿರುವವನು ಖಾತೇದಾರ್ ಖೇಡೂತ. ಉಳಿದವರು ಎಷ್ಟೇ ಉತ್ತರೂ ಸರ್ಕಾರದ ಕಣ್ಣಿಗೆ ರೈತರಲ್ಲ.

ಈ ವ್ಯವಸ್ಥೆಯ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿದೆ. 1875ರಲ್ಲಿ ಪುಣೆ, ಅಹಮದ್‌ನಗರದ ಹಳ್ಳಿಗಳಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ಮೇಲೆ ಸರ್ಕಾರ ಎಚ್ಚೆತ್ತಿತು. 1883ರಲ್ಲಿ ಭೂಸುಧಾರಣೆಯ ಸಾಲಕ್ಕೊಂದು, 1884ರಲ್ಲಿ ಬೀಜ, ಎತ್ತು ಮುಂತಾದ ಖರ್ಚಿಗೊಂದು ಕಾಯಿದೆ ಬಂತು. ತಗಾವಿ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದು ಇದನ್ನೇ. ಸರ್ಕಾರವೇ ಸಾಹುಕಾರನಾಗಿ ನಿಂತರೂ ಕೇಳಿದ್ದು ಸಾಹುಕಾರನ ಪ್ರಶ್ನೆಯನ್ನೇ: ನಿನ್ನ ಹೆಸರಿನಲ್ಲಿ ಜಮೀನೆಷ್ಟು?

ಬೇರೆ ಪ್ರಶ್ನೆ ಕೇಳಿದ್ದು ಸಹಕಾರ ಚಳವಳಿ. 1889ರಲ್ಲಿ ಸಯಾಜಿರಾವ್ ಗಾಯಕವಾಡರ ರಾಜಧಾನಿ ವಡೋದರಾದಲ್ಲಿ ವಿಠ್ಠಲ ಲಕ್ಷ್ಮಣ ಕವಠೇಕರರು ‘ಅನ್ಯೋನ್ಯ ಸಹಕಾರಿ ಮಂಡಳಿ’ಯನ್ನು ಕಟ್ಟಿದರು. ಸಹಕಾರಕ್ಕೊಂದು ಕಾಯಿದೆಯೇ ಇಲ್ಲದ ಕಾಲವದು. 1904ರಲ್ಲಿ ಕಾಯಿದೆ ಬಂದ ಮರುವರ್ಷ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಸ್ಥಾಪಿಸಿದರು. ಅಂದಿನ ಗ್ರಾಮೀಣ ಸಂಘಗಳ ತಳಹದಿ ‘ಅಪರಿಮಿತ ಹೊಣೆ’. ಒಬ್ಬ ಸದಸ್ಯ ತಪ್ಪಿದರೆ ಉಳಿದವರೆಲ್ಲರ ಆಸ್ತಿ ಅದಕ್ಕೆ ಈಡು. ಕೇಳಿದರೆ ಇಂದು ನಮಗೆ ಎದೆ ನಡುಗುತ್ತದೆ. ಆದರೆ ಅದರಿಂದಾಗಿ ಊರವರು ಅರ್ಜಿದಾರನ ಕಾಗದಕ್ಕಿಂತ ಅವನ ನಡತೆ, ದುಡಿಮೆ, ಮನೆತನವನ್ನು ನೋಡಲೇಬೇಕಾಗುತ್ತಿತ್ತು. ಜಮೀನು ಕಡಿಮೆಯಿದ್ದ ತರುಣನಿಗೂ ಅಲ್ಲೊಂದು ಸಂದು ಇತ್ತು.

ಆ ಸಂದು ಬೇಗನೆ ಮುಚ್ಚಿತು. ಸ್ವಾತಂತ್ರ್ಯದ ನಂತರ ರಿಸರ್ವ್ ಬ್ಯಾಂಕ್ ನಡೆಸಿದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯ ಪ್ರಕಾರ 1951-52ರಲ್ಲಿ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ. 3.1. ಸಾಹುಕಾರರ ಪಾಲು ಶೇ. 70ರ ಸಮೀಪ. ಸಂಘಗಳಿಗೆ ಸರ್ಕಾರದ ಬಂಡವಾಳ, ಆಮೇಲೆ ನಬಾರ್ಡ್‌ನ ಮರುಸಾಲ ಹರಿದುಬಂತು. ಹಣ ಹೆಚ್ಚಿದಂತೆ ಕಾಗದವೂ ಹೆಚ್ಚಿತು. ಮೇಲಿನಿಂದ ಬಂದ ದುಡ್ಡಿಗೆ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕು; ಆ ಲೆಕ್ಕದಲ್ಲಿ ನಡತೆಗೆ ಕಾಲಂ ಇಲ್ಲ, ಸರ್ವೆ ನಂಬರಿಗೆ ಇದೆ.

ಸಭಿಕರೇ, ಇನ್ನು ಭೂಮಿಯ ಕಾನೂನಿಗೆ ಬರೋಣ. 1948ರ ಮುಂಬೈ ಗೇಣಿ ಮತ್ತು ಕೃಷಿ ಭೂಮಿ ಕಾಯಿದೆ ಉಳುವವನಿಗೆ ನೆಲ ಕೊಡಿಸಿದ ದೊಡ್ಡ ಕಾನೂನು. 1957ರ ಏಪ್ರಿಲ್ 1ರಂದು ಗೇಣಿದಾರರು ತಾವು ಉಳುತ್ತಿದ್ದ ಜಮೀನನ್ನು ಕೊಂಡವರೆಂದೇ ಪರಿಗಣಿತರಾದರು. ಅದೇ ಕಾಯಿದೆ ಕೃಷಿಕನಲ್ಲದವನು ಕೃಷಿ ಭೂಮಿ ಕೊಳ್ಳಬಾರದೆಂದೂ ಹೇಳಿತು. ನಗರದ ಹಣವಂತರಿಂದ ಹಳ್ಳಿಯ ನೆಲವನ್ನು ಕಾಯುವುದು ಉದ್ದೇಶ, ಅದು ಸರಿಯಾದದ್ದೇ. ಆದರೆ ಸೂರತ್ ಜಿಲ್ಲೆಯ ಹಳಪತಿಗಳನ್ನು ನೋಡಿ. ತಲೆಮಾರುಗಳಿಂದ ‘ಹಾಳಿ’ಗಳಾಗಿ, ಅಂದರೆ ಜೀತದಾಳುಗಳಾಗಿ ಒಡೆಯರ ಹೊಲದಲ್ಲಿ ದುಡಿದವರು. ಅವರು ಗೇಣಿದಾರರಾಗಿರಲಿಲ್ಲ, ಕೂಲಿಗಳಾಗಿದ್ದರು. ಹಾಗಾಗಿ 1957 ಅವರಿಗೆ ಏನನ್ನೂ ಕೊಡಲಿಲ್ಲ. ಅವರ ಮೊಮ್ಮಕ್ಕಳು ಇಂದು ದುಡಿದು ಉಳಿಸಿದ ಹಣದಲ್ಲಿ ಅರ್ಧ ಎಕರೆ ಕೊಳ್ಳಹೊರಟರೆ, ಕೃಷಿಕ ಎಂಬ ದಾಖಲೆ ಎಲ್ಲಿ ಎಂದು ಕಾನೂನು ಕೇಳುತ್ತದೆ. ಹಣವಂತನನ್ನು ತಡೆಯಲು ಎತ್ತಿದ ಗೋಡೆ ಹೊಲದ ಒಳಗೇ ನಿಂತವನನ್ನೂ ತಡೆಯಿತು.

ಕರ್ನಾಟಕದಲ್ಲಿ ಆ ಗೋಡೆಯನ್ನು ಕೆಡವಿಯೂ ನೋಡಿದ್ದೇವೆ. ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದವು. ಈಗ ಯಾರು ಬೇಕಾದರೂ ಕೊಳ್ಳಬಹುದು. ಕೊಳ್ಳುವ ಶಕ್ತಿ ಯಾರಿಗಿದೆ ಎಂಬುದನ್ನು ದೊಡ್ಡಬಳ್ಳಾಪುರ, ಕನಕಪುರದ ಕಡೆಯ ಬೆಲೆಗಳೇ ಹೇಳುತ್ತವೆ. ಅಹಮದಾಬಾದಿನ ಹೊರವಲಯದ ಸಾಣಂದ್ ಇದಕ್ಕೂ ಮೊದಲಿನ ಪಾಠ. 2008ರಲ್ಲಿ ನ್ಯಾನೊ ಕಾರಿನ ಕಾರ್ಖಾನೆ ಬಂಗಾಳದಿಂದ ಅಲ್ಲಿಗೆ ಬಂದ ಮೇಲೆ ಸುತ್ತಲ ನೆಲದ ಬೆಲೆಗೂ ಆ ನೆಲ ಬೆಳೆದುಕೊಡುವ ಗೋಧಿ, ಭತ್ತಕ್ಕೂ ಸಂಬಂಧವೇ ಕಡಿದುಹೋಯಿತು. ಬೇಸಾಯದ ಆದಾಯದಿಂದ ಅಂಥ ನೆಲದ ಸಾಲ ತೀರಿಸಲು ಯಾವ ಬಡ್ಡಿ ದರದಲ್ಲೂ ಸಾಧ್ಯವಿಲ್ಲ. ಕಾನೂನಿನ ಗೋಡೆ ಇರಲಿ ಬೀಳಲಿ, ಹೊಸಬನಿಗೆ ನೆಲ ಕೊಳ್ಳುವ ದಾರಿ ಮುಚ್ಚಿದೆ. ಅವನಿಗೆ ಉಳಿದಿರುವುದು ಎರಡೇ ದಾರಿ: ಗುತ್ತಿಗೆ ಅಥವಾ ಪಿತ್ರಾರ್ಜಿತ.

ಗುತ್ತಿಗೆಯ ಸ್ಥಿತಿ ಹೇಗಿದೆ? ಬಾಯಿಮಾತಿನ ಗೇಣಿದಾರನೂ ಪಾಲುದಾರನೂ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಹ ಎಂದು ನಿಯಮಾವಳಿಯೇ ಹೇಳುತ್ತದೆ. ಜಂಟಿ ಹೊಣೆಗಾರಿಕೆ ಗುಂಪುಗಳ ಮೂಲಕ ಅವರಿಗೆ ಸಾಲ ಕೊಡಬಹುದೆಂದು ನಬಾರ್ಡ್ ದಾರಿಯನ್ನೂ ತೋರಿಸಿದೆ. ಆದರೆ ಗುಜರಾತಿನ ಮಾಲೀಕನಿಗೆ 1957ರ ನೆನಪಿದೆ, ನಮ್ಮ ಮಾಲೀಕನಿಗೆ ದೇವರಾಜ ಅರಸರ 1974ರ ನೆನಪಿದೆ. ಒಂದು ಸಾಲಿನ ಬರಹ ಕೊಟ್ಟರೂ ಜಮೀನು ಹೋದೀತೆಂಬ ಭಯ. ನಮ್ಮಲ್ಲಂತೂ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದೇ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಕಾನೂನುಬಾಹಿರ. ಹಾಗೆಂದು ಲಾವಣಿ, ಕೋರು, ಪಾಲು ನಿಂತಿವೆಯೇ? ಊರೂರಲ್ಲೂ ನಡೆಯುತ್ತಿವೆ, ಕಾಗದವಿಲ್ಲದೆ. ಮಾಲೀಕನ ಹಕ್ಕಿಗೆ ಚ್ಯುತಿಯಿಲ್ಲದಂತೆ ಗುತ್ತಿಗೆಯನ್ನು ದಾಖಲಿಸುವ ಮಾದರಿ ಕಾಯಿದೆಯನ್ನು ನೀತಿ ಆಯೋಗ 2016ರಲ್ಲಿ ರಾಜ್ಯಗಳ ಮುಂದಿಟ್ಟಿತು. ಬಡ ಗೇಣಿದಾರನ ರಕ್ಷಣೆ ಸಡಿಲವಾಗುತ್ತದೆಂಬ ಆಕ್ಷೇಪ ಅದರ ಮೇಲಿದೆ. ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಇಂದು ಯಾವ ರಕ್ಷಣೆಯೂ ಇಲ್ಲದ ಬಾಯಿಮಾತಿಗಿಂತ ಐದು ವರ್ಷದ ಬರಹ ಮೇಲು ಎಂಬುದು ನನ್ನ ಅಭಿಪ್ರಾಯ.

ನೇರ ನೆರವಿನ ಯೋಜನೆಗಳಲ್ಲೂ ಇದೇ ಕಥೆ. 2019ರಲ್ಲಿ ಬಂದ ಪಿಎಂ-ಕಿಸಾನ್ ವರ್ಷಕ್ಕೆ 6,000 ರೂಪಾಯಿ ಕೊಡುತ್ತದೆ. 2019ರ ಫೆಬ್ರವರಿ 1ರಂದು ಯಾರ ಹೆಸರಿನಲ್ಲಿ ಜಮೀನಿತ್ತೋ ಅವರ ಕುಟುಂಬಕ್ಕೆ ಅದು ಸಲ್ಲುತ್ತದೆ. ಆಮೇಲೆ ಜಮೀನು ಕೊಂಡವರಿಗೆ ಇಲ್ಲ. ಮಾಲೀಕ ತೀರಿಕೊಂಡು ವಾರಸುದಾರಿಕೆಯಿಂದ ಬಂದರೆ ಮಾತ್ರ ಉಂಟು. ಅಂದರೆ ರೈತರ ಹೆಸರಿನ ಈ ಬೃಹತ್ ಯೋಜನೆಗೆ ಹೊಸದಾಗಿ ರೈತನಾಗುವುದು ಅನರ್ಹತೆ. ಗುಜರಾತ್ 2020ರಲ್ಲಿ ಕೇಂದ್ರದ ಬೆಳೆವಿಮೆಯಾದ ಫಸಲ್ ಬಿಮಾದಿಂದ ಹೊರಬಂದು ಮುಖ್ಯಮಂತ್ರಿ ಕಿಸಾನ್ ಸಹಾಯ ಯೋಜನೆ ತಂದಿತು. ಬೆಳೆನಷ್ಟ ಶೇ. 33 ದಾಟಿದರೆ ಹೆಕ್ಟೇರಿಗೆ 20,000, ಶೇ. 60 ದಾಟಿದರೆ 25,000 ರೂಪಾಯಿ, 4 ಹೆಕ್ಟೇರ್ ಮಿತಿ. ಕಂತು ಕಟ್ಟಬೇಕಿಲ್ಲದ ಉದಾರ ಯೋಜನೆ. ಅದೂ 8-ಅ ಖಾತೇದಾರರಿಗೆ, ಅರಣ್ಯ ಹಕ್ಕಿನ ಸನದು ಇರುವವರಿಗೆ. ಅದೇ ರಾಜ್ಯದ ಖಾತೇದಾರ ರೈತರ ಅಪಘಾತ ವಿಮೆ ಮಾತ್ರ ಕಾಲಕ್ರಮದಲ್ಲಿ ಖಾತೇದಾರನ ಹೆಂಡತಿ, ಗಂಡ, ಮಕ್ಕಳಿಗೂ ವಿಸ್ತರಿಸಿತು. ರೈತನ ಮಗ ಹೊಲದಲ್ಲಿ ಪ್ರಾಣಬಿಟ್ಟರೆ ರೈತನ ಲೆಕ್ಕಕ್ಕೆ ಬರುತ್ತಾನೆ. ಬದುಕಿ ಪಂಪಿಗೆ ಸಾಲ ಕೇಳಿದರೆ ಬರುವುದಿಲ್ಲ.

ವಿದ್ಯಾವಂತ ತರುಣರಿಗೆಂದೇ ಮಾಡಿದ ಯೋಜನೆಗಳೂ ಇವೆ. 2002ರ ಅಗ್ರಿ-ಕ್ಲಿನಿಕ್ ಯೋಜನೆ ಕೃಷಿ ಪದವೀಧರರಿಗೆ ತರಬೇತಿ ಕೊಟ್ಟು, 20 ಲಕ್ಷದವರೆಗಿನ ಯೋಜನೆಗೆ ಶೇ. 36, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 44 ಸಹಾಯಧನ ಕೊಡುತ್ತದೆ. 2015-16ರಲ್ಲಿ ಕೃಷಿ ವಿಜ್ಞಾನ ಕೇಂದ್ರಗಳ ಮೂಲಕ ಗ್ರಾಮೀಣ ತರುಣರನ್ನು ಕೃಷಿಗೆ ಸೆಳೆಯುವ ‘ಆರ್ಯ’ ಯೋಜನೆ ಬಂತು. ಇವುಗಳ ಫಲ ಹೆಚ್ಚಾಗಿ ಗೊಬ್ಬರದ ಅಂಗಡಿ, ನರ್ಸರಿ, ಅಣಬೆ, ಜೇನು, ಸಲಹಾ ಕೇಂದ್ರ. ತಪ್ಪೇನಿಲ್ಲ, ಆದರೆ ಇದು ರೈತರ ಸುತ್ತ ಬದುಕುವ ಉದ್ಯಮ, ರೈತನಾಗುವ ದಾರಿ ಬೇರೆ. ಕರ್ನಾಟಕದ 2021ರ ರೈತ ವಿದ್ಯಾನಿಧಿಯಿಂದ ರೈತರ ಮಕ್ಕಳು ಕಾಲೇಜು ಮೆಟ್ಟಿಲೇರಿದರು, ಒಳ್ಳೆಯದಾಯಿತು. ಓದಿದವನು ಹೊಲಕ್ಕೆ ಮರಳುತ್ತೇನೆಂದರೆ ಅವನಿಗಾಗಿ ಯಾವ ನಿಧಿ ಕಾದಿದೆ? 2023ರಲ್ಲಿ ಮಂಡ್ಯದ ಅವಿವಾಹಿತ ತರುಣರು ಹೆಣ್ಣು ಸಿಗಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದೇ ವರ್ಷದ ಚುನಾವಣೆಯಲ್ಲಿ ರೈತನ ಮಗನನ್ನು ಮದುವೆಯಾಗುವವಳಿಗೆ 2 ಲಕ್ಷ ರೂಪಾಯಿಯ ಭರವಸೆಯೂ ಕೇಳಿಬಂತು. ನಕ್ಕು ಸುಮ್ಮನಾದೆವು. ನಲವತ್ತರವರೆಗೂ ಸ್ವಂತ ಖಾತೆ, ಸ್ವಂತ ಆದಾಯ ಇಲ್ಲದವನಿಗೆ ಹೆಣ್ಣು ಕೊಡಲು ಹಿಂಜರಿಯುವ ತಂದೆಯೂ ಬ್ಯಾಂಕಿನ ಮ್ಯಾನೇಜರನ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ.

ಈಗ ನಾನು ಸೂರತ್ ಜಿಲ್ಲೆಯ ಎರಡು ಸಹಕಾರಗಳನ್ನು ಎದುರುಬದುರು ಇಡುತ್ತೇನೆ. ಒಂದು ಕಬ್ಬಿನದು, ಒಂದು ಹಾಲಿನದು.

ಬಾರ್ಡೋಲಿ ನಮಗೆ 1928ರ ಸತ್ಯಾಗ್ರಹದಿಂದ ಪರಿಚಿತ. ಶೇ. 22ರಷ್ಟು ಏರಿದ್ದ ಕಂದಾಯ ವಲ್ಲಭಭಾಯಿ ಪಟೇಲರ ನಾಯಕತ್ವದ ಹೋರಾಟದ ನಂತರ, ವಿಚಾರಣೆ ನಡೆದು ಶೇ. 6ರ ಆಸುಪಾಸಿಗೆ ಇಳಿಯಿತು. ಅದೇ ಬಾರ್ಡೋಲಿಯಲ್ಲಿ 1950ರ ದಶಕದಲ್ಲಿ ಎದ್ದ ಸಹಕಾರಿ ಸಕ್ಕರೆ ಕಾರ್ಖಾನೆ ದಕ್ಷಿಣ ಗುಜರಾತಿನ ರೈತನ ಮನೆಯನ್ನು ಎತ್ತಿ ನಿಲ್ಲಿಸಿತು. ಸದಸ್ಯತ್ವ ಕಬ್ಬಿಗೆ, ಕಬ್ಬು ನೀರಾವರಿ ಜಮೀನಿಗೆ. ಜಮೀನಿದ್ದವನ ಮಗನಿಗೆ ಕಾರ್ಖಾನೆಯ ಪಟ್ಟಿಯೇ ಜಾಮೀನು. ಆ ಕಬ್ಬನ್ನು ಕಡಿಯುವವರು ಬೇರೆ. ಡಾಂಗ್‌ನಿಂದ, ಮಹಾರಾಷ್ಟ್ರದ ಖಾನ್‌ದೇಶದಿಂದ ಪ್ರತಿ ಹಂಗಾಮಿಗೆ ಬರುವ ಆದಿವಾಸಿ ಕುಟುಂಬಗಳು. ಲೆಕ್ಕ ತಲೆಗಿಲ್ಲ, ‘ಕೊಯ್ತಾ’ಗೆ, ಒಂದು ಕೊಯ್ತಾ ಎಂದರೆ ಕತ್ತಿ ಹಿಡಿದ ಗಂಡು ಮತ್ತು ಕಟ್ಟು ಕಟ್ಟುವ ಹೆಣ್ಣು, ಹೆಚ್ಚಾಗಿ ಹೊಸದಾಗಿ ಮದುವೆಯಾದ ಜೋಡಿ. ಮಳೆಗಾಲದಲ್ಲಿ ಕೈ ಬರಿದಾದಾಗ ಮುಕಾದಮ, ಅಂದರೆ ಕೂಲಿಗಳನ್ನು ಕರೆತರುವ ಮೇಸ್ತ್ರಿ, ಮುಂಗಡ ಕೊಡುತ್ತಾನೆ. ಹಂಗಾಮು ಮುಗಿದಾಗ ಅದನ್ನು ಬಡ್ಡಿಸಮೇತ ಮುರಿದುಕೊಳ್ಳುತ್ತಾನೆ. ಯಾನ್ ಬ್ರೆಮನ್ ಮೊದಲಾದ ವಿದ್ವಾಂಸರು ದಶಕಗಳಿಂದ ಇದನ್ನು ದಾಖಲಿಸುತ್ತ ಬಂದಿದ್ದಾರೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗೆ ಬರುವ ಬೀಡ್ ಜಿಲ್ಲೆಯ ಗ್ಯಾಂಗುಗಳನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಕೃಷಿಗೆ ಕಾಲಿಡುವ ನೆಲವಿಲ್ಲದ ತರುಣ ಜೋಡಿಗೆ ಜಾಮೀನಿಲ್ಲದೆ, ಕಾಗದವಿಲ್ಲದೆ, ಕೇಳಿದ ದಿನವೇ ಸಿಗುವ ಏಕೈಕ ಹಣ ಇದು. ನಮ್ಮ ಬ್ಯಾಂಕುಗಳು ಬಿಟ್ಟ ಜಾಗದಲ್ಲಿ ಮುಕಾದಮ ಕೂತಿದ್ದಾನೆ.

ಅದೇ ಜಿಲ್ಲೆಯಲ್ಲಿ ಸುಮುಲ್ ಇದೆ, 1951ರಲ್ಲಿ ಹುಟ್ಟಿದ ಸೂರತ್ ಜಿಲ್ಲಾ ಹಾಲು ಒಕ್ಕೂಟ. ವಡೋದರಾದ ಬರೋಡಾ ಡೇರಿ 1957ರದ್ದು. ಎರಡಕ್ಕೂ ಮಾದರಿ 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಆಣಂದ್‌ನಲ್ಲಿ ನೋಂದಣಿಯಾದ, ಮುಂದೆ ವರ್ಗೀಸ್ ಕುರಿಯನ್ನರು ಬೆಳೆಸಿದ ಖೇಡಾ ಒಕ್ಕೂಟ. ಹಾಲಿನ ಮಂಡಳಿ ಸದಸ್ಯನಿಂದ ಕೇಳುವುದು ಸಣ್ಣದೊಂದು ಷೇರು ಮತ್ತು ಹಾಲು. 8-ಅ ಕೇಳುವುದಿಲ್ಲ. ಬೆಳಿಗ್ಗೆಯ ಹಾಲಿಗೆ ಸಂಜೆ ದುಡ್ಡು ಕೊಡುತ್ತಿದ್ದ ಆ ಪದ್ಧತಿ ಈಗ ನಿಗದಿತ ದಿನಗಳಿಗೊಮ್ಮೆ ಬ್ಯಾಂಕ್ ಖಾತೆಗೆ ಜಮೆಯಾಗುವುದಕ್ಕೆ ಬದಲಾಗಿದೆ. ಆದರೆ ತತ್ತ್ವ ಅದೇ. ಬೆಳೆ ಸಾಲ ವರ್ಷಕ್ಕೊಮ್ಮೆ ಹುಟ್ಟಿ ವರ್ಷಕ್ಕೊಮ್ಮೆ ತೀರಬೇಕು. ಹೊಸಬನ ಮೊದಲ ಎರಡು ಬೆಳೆ ಕೆಟ್ಟರೆ ಅವನು ಅಲ್ಲಿಗೇ ಸುಸ್ತಿದಾರ. ಹಾಲಿನ ಹಣ ದಿನನಿತ್ಯದ ತೊರೆಯಂತೆ ಸಣ್ಣದಾಗಿ ಹರಿಯುತ್ತ, ಅವನು ಕಲಿಯುವವರೆಗೂ ಕಾಯುತ್ತದೆ. ಹೊಸಬನಿಗೆ ಬೇಕಾದದ್ದು ಅಗ್ಗದ ಬಡ್ಡಿಗಿಂತ ಹೆಚ್ಚಾಗಿ ಈ ಕಾಯುವಿಕೆ. ಖೇಡಾ ಒಕ್ಕೂಟದ ಸಂಸ್ಥಾಪಕರು ತರುಣರ ಯೋಜನೆಯೆಂದು ಇದನ್ನು ಹಾಕಿಕೊಳ್ಳಲಿಲ್ಲ. ನೆಲವಿಲ್ಲದವರಿಗೆ ಕೃಷಿಯ ಬಾಗಿಲು ತೆರೆದ ನಮ್ಮ ದೇಶದ ಅತಿ ದೊಡ್ಡ ಹಣಕಾಸು ವ್ಯವಸ್ಥೆ ಇದೇ ಆಯಿತು.

ಇದರ ಮಿತಿಯನ್ನು ಮರೆಯಬಾರದು. ಮೇವು ಬೆಳೆಯಲು ನೆಲ ಬೇಕು, ಕೊಂಡು ಹಾಕಿದರೆ ಲಾಭ ಮೇವಿಗೇ ಹೋಗುತ್ತದೆ. ಮೊದಲ ಎಮ್ಮೆಗೆ ದುಡ್ಡೆಲ್ಲಿಂದ ಎಂಬ ಪ್ರಶ್ನೆಯೂ ಇದೆ. ಇಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2018-19ರ ಕೇಂದ್ರ ಬಜೆಟ್ಟು ಕಿಸಾನ್ ಕ್ರೆಡಿಟ್ ಕಾರ್ಡನ್ನು ಪಶುಸಂಗೋಪನೆಗೂ ಮೀನುಗಾರಿಕೆಗೂ ವಿಸ್ತರಿಸಿತು. ಡೇರಿಗೆ ಹಾಲು ಹಾಕುವ ಸದಸ್ಯರಿಗೆ ಈ ಕಾರ್ಡು ಕೊಡುವ ಅಭಿಯಾನವೂ ನಡೆಯಿತು. ಹಾಲಿನ ಪಾಸ್‌ಬುಕ್ಕು ಪಹಣಿಯ ಜಾಗದಲ್ಲಿ ಕೂರಬಲ್ಲ ಕಾಗದವೆಂದು ಸರ್ಕಾರ ಒಪ್ಪಿಕೊಂಡಂತಾಯಿತು. ಒಂದು ದಾಖಲೆಯಿಂದ ದುಡಿಮೆ ರುಜುವಾತಾಗುವುದಾದರೆ ಎಪಿಎಂಸಿಯ ಮಾರಾಟ ರಸೀದಿಯಿಂದ ಏಕಾಗಬಾರದು? ವಡೋದರಾ ಜಿಲ್ಲೆಯ ಪಾದರಾದಲ್ಲಿ ಗುತ್ತಿಗೆ ನೆಲದಲ್ಲಿ ತರಕಾರಿ ಬೆಳೆದು ಪೇಟೆಗೆ ಒಯ್ಯುವವನ ಬಳಿ ಅಂಥ ರಸೀದಿಗಳೇ ಕಟ್ಟುಕಟ್ಟು ಇರುತ್ತವೆ. ಅಹಮದಾಬಾದಿನಲ್ಲಿ ಇಳಾ ಭಟ್ಟರ ‘ಸೇವಾ’ ಎಂಬ ಸಂಘಟನೆಯ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ 1974ರಲ್ಲಿ ಬ್ಯಾಂಕ್ ಕಟ್ಟಿದಾಗ ಅವರಲ್ಲಿ ತರಕಾರಿ ಮಾರುವವರು, ಗಾಡಿ ಎಳೆಯುವವರು ಇದ್ದರು. ದಿನದ ಉಳಿತಾಯವನ್ನೇ ಅವರ ಯೋಗ್ಯತೆಯ ಪತ್ರವೆಂದು ಆ ಬ್ಯಾಂಕು ಓದಿತು.

ಉಳಿದದ್ದು ಪಿತ್ರಾರ್ಜಿತದ ದಾರಿ. ಇಲ್ಲಿ ತೊಡಕು ಬ್ಯಾಂಕಿನಲ್ಲಿಲ್ಲ, ಮನೆಯೊಳಗಿದೆ. ಆದ್ದರಿಂದಲೇ ನೀತಿಕಾರರು ಅದನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ಪೌತಿ ಖಾತೆ, ಗುಜರಾತಿನಲ್ಲಿ ವಾರಸಾಯಿ, ಎರಡೂ ತಂದೆ ತೀರಿಕೊಂಡ ಮೇಲಿನ ಮಾತು. ತಂದೆ ಎಂಬತ್ತು ಬದುಕಿದರೆ ಮಗ ಖಾತೇದಾರನಾಗುವಾಗ ಅವನಿಗೇ ಐವತ್ತು. ಗುಜರಾತಿನ ಕಂದಾಯ ಪದ್ಧತಿಯಲ್ಲಿ ‘ಹಯಾತಿಮಾಂ ಹಕ್ಕ್ ದಾಖಲ್’ ಎಂಬ ಅವಕಾಶವಿದೆ. ಖಾತೇದಾರ ಬದುಕಿರುವಾಗಲೇ ಮಕ್ಕಳ ಹೆಸರನ್ನು ಸಹಹಕ್ಕುದಾರರಾಗಿ ಸೇರಿಸಬಹುದು. ಹೆಸರು ಸೇರಿದರೆ ಸಾಲ, ಸಹಾಯಧನ, ವಿಮೆ ಎಲ್ಲದರ ಬಾಗಿಲೂ ತೆರೆಯುತ್ತದೆ. ಆದರೂ ತಂದೆಯರು ಮುಂದಾಗುವುದಿಲ್ಲ. ಒಬ್ಬ ಮಗನ ಹೆಸರು ಹಾಕಿದರೆ ಇನ್ನೊಬ್ಬನ ಮುನಿಸು. ಹೆಣ್ಣುಮಕ್ಕಳ ಹೆಸರು ಹಾಕಲು ಮನಸ್ಸಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಖಾತೆ ಬಿಟ್ಟುಕೊಟ್ಟರೆ ಮುಪ್ಪಿನಲ್ಲಿ ಗತಿಯೇನೆಂಬ ಭಯ. ಆ ಭಯ ಅವಿವೇಕವಲ್ಲ. ಅವನಿಗೆ ಪಿಂಚಣಿಯಿಲ್ಲ, ಖಾತೆಯೇ ಅವನ ಪಿಂಚಣಿ.

ಹೊರಗಿನ ದೇಶಗಳು ಈ ಗಂಟನ್ನು ಎರಡೂ ತುದಿಯಿಂದ ಬಿಡಿಸಲು ನೋಡಿವೆ. ಜಪಾನ್ 2012ರಿಂದ ವಯಸ್ಸಿನ ಮಿತಿಯಿಟ್ಟು ಹೊಸ ಬೇಸಾಯಗಾರರಿಗೆ ವರ್ಷಕ್ಕೆ 15 ಲಕ್ಷ ಯೆನ್‌ವರೆಗೆ, ಐದು ವರ್ಷದ ತನಕ ಜೀವನವೆಚ್ಚ ಕೊಟ್ಟಿತು. ಅಮೆರಿಕದಲ್ಲಿ ಬೇಸಾಯಕ್ಕಿಳಿದು ಹತ್ತು ವರ್ಷ ಮೀರದವರನ್ನು ‘ಆರಂಭಿಕ ರೈತ’ರೆಂದು ಗುರುತಿಸಿ ಪ್ರತ್ಯೇಕ ಸಾಲ ಕೊಡುತ್ತಾರೆ. ಐರೋಪ್ಯ ಒಕ್ಕೂಟ 2023-27ರ ಕೃಷಿ ನೀತಿಯಲ್ಲಿ ನೇರ ಪಾವತಿಯ ಕನಿಷ್ಠ ಶೇ. 3ರಷ್ಟು ಮೊತ್ತವನ್ನು ತಲೆಮಾರು ಬದಲಾವಣೆಗೆ ಮೀಸಲಿಡಬೇಕೆಂದಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಫ್ರಾನ್ಸಿನ ಕ್ರಮದಲ್ಲಿನ ಹಿಂದುಮುಂದು. ತರುಣ ರೈತರಿಗೆ ಆರಂಭ ಧನವನ್ನು ಅದು 1973ರಲ್ಲಿ ಗುಡ್ಡಗಾಡಿನಲ್ಲಿ ಶುರುಮಾಡಿತು. ಅದಕ್ಕೂ ಮೊದಲು, 1962ರಲ್ಲೇ, ಜಮೀನು ಬಿಟ್ಟುಕೊಟ್ಟು ನಿವೃತ್ತರಾಗುವ ಹಿರಿಯ ರೈತರಿಗೆ ಜೀವನಪರ್ಯಂತ ಭತ್ಯೆ ಕೊಡಲಾರಂಭಿಸಿತ್ತು. ಅಂದರೆ ಮಗನ ಕೈಗೆ ಹಣ ಬರುವುದಕ್ಕಿಂತ ಹನ್ನೊಂದು ವರ್ಷ ಮೊದಲು ತಂದೆಯ ಕೈಗೆ ಬಂತು.

ಜಪಾನಿನಂತೆ ಜೀವನವೆಚ್ಚ ಕೊಡುವುದು ನಮಗೆ ದುಬಾರಿಯೆಂದು ಹೇಳುವವರಿಗೆ ಗುಜರಾತಿನಲ್ಲೇ ಉತ್ತರವಿದೆ. 2020ರಿಂದ ಅಲ್ಲಿ ದೇಸಿ ಹಸು ಸಾಕಿ ನೈಸರ್ಗಿಕ ಕೃಷಿ ಮಾಡುವವರಿಗೆ ಹಸುವಿನ ನಿರ್ವಹಣೆಗೆಂದು ತಿಂಗಳಿಗೆ 900 ರೂಪಾಯಿ ಕೊಡುವ ಯೋಜನೆಯಿದೆ. ಹಸುವಿಗೆ ಮಾಸಾಶನ ಕೊಡಬಲ್ಲ ಸರ್ಕಾರ ಹೊಸ ರೈತನಿಗೆ ಮೊದಲ ಐದು ವರ್ಷ ಕೊಡುವುದು ಕಲ್ಪನೆಗೆ ಮೀರಿದ್ದಲ್ಲ.

ತಂದೆಯ ಕಡೆಯ ಲೆಕ್ಕವೇ ಕಠಿಣ. 2019ರ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆ 2 ಹೆಕ್ಟೇರಿನೊಳಗಿನ ರೈತರಿಗೆ 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿಯ ಭರವಸೆ ಕೊಡುತ್ತದೆ. ಸೇರಲು ವಯಸ್ಸು 18ರಿಂದ 40. ಯೋಜನೆ ಬಂದಾಗ ನಲವತ್ತು ದಾಟಿದ್ದವರು, ಅಂದರೆ ಇಂದು ಪಹಣಿಯಲ್ಲೂ 8-ಅದಲ್ಲೂ ಹೆಸರು ಹೊತ್ತು ಕೂತಿರುವ ಬಹುಪಾಲು ತಂದೆಯರು, ಇದರ ಹೊರಗೆ ಉಳಿದರು. ಮೊದಲ ವರ್ಷವೇ ನಲವತ್ತರಲ್ಲಿ ಸೇರಿದವನಿಗೂ ಮೊದಲ ಪಿಂಚಣಿ ಬರುವುದು 2039ರಲ್ಲಿ. ಖಾತೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವ ಅರುವತ್ತರ ರೈತನಿಗೆ ಅಲ್ಲಿಯವರೆಗೆ ತಿಂಗಳಿಗೆ 3,000 ರೂಪಾಯಿ ಕೊಡಲು ಏನು ಖರ್ಚಾಗುತ್ತದೆ, ಶೂನ್ಯ ಬಡ್ಡಿಗೆ ನಾವು ಈಗ ಸುರಿಯುತ್ತಿರುವುದರಲ್ಲಿ ಅದು ಎಷ್ಟು ಭಾಗ ಎಂಬ ಲೆಕ್ಕವನ್ನು ಗಾಂಧಿನಗರವೂ ಬೆಂಗಳೂರೂ ಮುಂದಿನ ಬಜೆಟ್ಟಿನೊಳಗೆ ಹಾಕಿ ನೋಡಲಿ ಎಂದು ಈ ವೇದಿಕೆಯಿಂದ ಕೇಳುತ್ತೇನೆ.